ಇಪ್ಪತ್ತನೇ ತಾರೀಕಿನ ಮೇಂಟೆನೆನ್ಸ್

ಮತ್ತೆ ಬಂತು ಆ ಮೆಸೇಜು. "ಪ್ರಿಯ ಗ್ರಾಹಕರೇ, ತಮಗೆ ಇನ್ನಷ್ಟು ಉತ್ತಮ ಸೇವೆ ನೀಡುವ ಸಲುವಾಗಿ 20ನೇ ತಾರೀಕು ಸಂಜೆ 6ರಿಂದ 9ರವರೆಗೆ ಸರ್ವರ್ ಮೇಂಟೆನೆನ್ಸ್ ಇರುತ್ತದೆ. ಸಹಕರಿಸಿ." ಕೊನೆಗೆ ಕೈಮುಗಿದ ಎರಡು ಇಮೋಜಿ. ಕಾಸರಗೋಡಿನ ಹೊಸಂಗಡಿಯಿಂದ ಮುಳ್ಳೇರಿಯದವರೆಗೆ, ಟ್ಯಾಲಿ ಎಂಬ ಲೆಕ್ಕದ ಪ್ರೋಗ್ರಾಮನ್ನು ಬಾಡಿಗೆ ಸರ್ವರಿಗೆ ಏರಿಸಿ ಕೂತಿರುವ ಟ್ಯಾಕ್ಸ್ ಪ್ರಾಕ್ಟೀಷನರುಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 20 ಎಂದರೆ ತಿಂಗಳ ತೆರಿಗೆ ರಿಟರ್ನಿನ ಗಡುವು, ಜಿಎಸ್‌ಟಿಆರ್-3ಬಿ. ತಿಂಗಳಲ್ಲಿ ಮೂವತ್ತು ಸಂಜೆಗಳಿದ್ದರೂ ರಾಹುಕಾಲ, ಗುಳಿಕಕಾಲ ಎಲ್ಲ ಕಳೆದು ಇದೊಂದೇ ಸಂಜೆಯನ್ನು ಆರಿಸಿದವರ ಪಂಚಾಂಗಜ್ಞಾನಕ್ಕೆ ದೊಡ್ಡ ನಮಸ್ಕಾರ.

ಈ ಸರ್ವರ್ ಬಾಡಿಗೆಗೆ ಕೊಡುವವರು, ಸರ್ವರ್ ಎದ್ದಿರುವ ಹೊತ್ತು ಇಷ್ಟು ಎಂದು, ಬ್ರೋಶರಿನಲ್ಲಿ ಶೇ. 99.9 ಅಪ್‌ಟೈಮ್ ಎಂದು ಬರೆಯುತ್ತಾರೆ. ಲೆಕ್ಕದವರಿಗೇ ಲೆಕ್ಕ ಹೇಳುವ ಧೈರ್ಯ ನೋಡಿ. ಮೂವತ್ತು ದಿನಕ್ಕೆ 43,200 ನಿಮಿಷ. ಅದರಲ್ಲಿ ಸಾವಿರಕ್ಕೆ ಒಂದು ಪಾಲು, ಅಂದರೆ 43 ನಿಮಿಷ ಮಲಗುವ ಹಕ್ಕು ಅವರಿಗಿದೆ. ಯಾವ ನಿಮಿಷಗಳು ಎಂದು ಎಲ್ಲೂ ಬರೆದಿಲ್ಲ. ಮೊದಲೇ ತಿಳಿಸಿ ಮಾಡಿದ ಮೇಂಟೆನೆನ್ಸ್ ಆ 43ರಲ್ಲಿ ಸೇರುವುದಿಲ್ಲ ಎಂಬುದು ಮಾತ್ರ ಕರಾರಿನ ಒಂಬತ್ತನೆಯದೋ ಹತ್ತನೆಯದೋ ಪುಟದಲ್ಲಿ ಸಣ್ಣ ಅಕ್ಷರದಲ್ಲಿದೆ. ಪರಿಹಾರವೂ ಇದೆ, ಇಲ್ಲವೆನ್ನಬೇಡಿ. ತಲೆಗೆ ತಿಂಗಳಿಗೆ 600 ರೂಪಾಯಿಯಂತೆ ಮೂವರಿಗೆ 1,800 ಬಾಡಿಗೆ ಎಂದಿಟ್ಟುಕೊಳ್ಳಿ. ಗಂಟೆಗೆ ಎರಡೂವರೆ ರೂಪಾಯಿ ಬಿತ್ತು. ಮೂರು ಗಂಟೆ ಸರ್ವರ್ ಬಿದ್ದರೆ ಏಳೂವರೆ ರೂಪಾಯಿ, ಅದೂ ಮುಂದಿನ ಬಿಲ್ಲಿನಲ್ಲಿ ವಜಾ. ಈಚೆ ಕಡೆ, ಒಂದು ದಿನ ತಡವಾದ 3ಬಿಗೆ ಲೇಟ್ ಫೀ 50 ರೂಪಾಯಿ, ವ್ಯವಹಾರವೇ ಇಲ್ಲದ ನಿಲ್ ರಿಟರ್ನ್ ಆದರೆ 20. ಎಂಬತ್ತು ಪಾರ್ಟಿ, ಅಂದರೆ ಗಿರಾಕಿ, ಇದ್ದ ಆಫೀಸಿಗೆ ಒಂದು ರಾತ್ರಿಯ ಬೆಲೆ 4,000. ಕಟ್ಟದೆ ಉಳಿದ ತೆರಿಗೆಗೆ ವರ್ಷಕ್ಕೆ ಶೇ. 18 ಬಡ್ಡಿ ಬೇರೆ. ಏಳೂವರೆ ಕಳೆದು ಉಳಿದದ್ದನ್ನು ಯಾರ ಖಾತೆಗೆ ಹಾಕುವುದು, ಮಾರಾಯ್ರೆ?

ಅಷ್ಟಕ್ಕೂ ಬಾಡಿಗೆಗೆ ಬಂದದ್ದು ಏನು? ಎಲ್ಲೋ ಒಂದು ಡೇಟಾ ಸೆಂಟರಿನ ವಿಂಡೋಸ್ ಸರ್ವರಿನಲ್ಲಿ ಒಂದು ಮೂಲೆ. ಟ್ಯಾಲಿಯ ಲೆಕ್ಕ ಇರುವುದು ಬರೀ ಅಂಕಿಗಳ ಹೆಸರಿನ ಫೋಲ್ಡರುಗಳೊಳಗಿನ ಫೈಲುಗಳಲ್ಲಿ. ಪ್ರೋಗ್ರಾಂ ಆ ಫೈಲುಗಳನ್ನು ನೇರವಾಗಿ ತೆರೆದು ಬರೆಯುತ್ತದೆ. ಆದ್ದರಿಂದ ಫೋಲ್ಡರ್ ಬದಿಯಡ್ಕದಲ್ಲಿ, ಪ್ರೋಗ್ರಾಂ ಉಪ್ಪಳದಲ್ಲಿ ಇಟ್ಟು ನಡುವೆ ಇಂಟರ್ನೆಟ್ ಎಳೆದರೆ ಆಗದು. ಬರೆಯುವ ಹೊತ್ತಿಗೆ ಲೈನ್ ಕಡಿದರೆ ಡೇಟಾ ಕೆಡುತ್ತದೆ. ಖರ್ಚು ಉಳಿಸಲು ಕೆಲವರು ಫೋಲ್ಡರನ್ನೇ ಗೂಗಲ್ ಡ್ರೈವಿಗೋ ಡ್ರಾಪ್‌ಬಾಕ್ಸಿಗೋ ಸಿಂಕ್ ಮಾಡಿ ಎರಡು ಕಡೆ ತೆರೆಯುತ್ತಾರೆ. ಅರ್ಧ ಬರೆದ ಫೈಲ್ ಆಚೆ ಹೋಗಿ ಕೂರುತ್ತದೆ, ಮರುದಿನ ಬೆಳಿಗ್ಗೆ ತೆರೆಯ ಮೇಲೆ ಮೆಮೊರಿ ಆಕ್ಸೆಸ್ ವಯಲೇಶನ್. ಹಾಗಾಗಿ ಪ್ರೋಗ್ರಾಂ, ಡೇಟಾ ಎರಡನ್ನೂ ಒಂದೇ ಸರ್ವರಿನಲ್ಲಿ ಇಟ್ಟು, ರಿಮೋಟ್ ಡೆಸ್ಕ್‌ಟಾಪಿನಲ್ಲಿ ಅದರ ಚಿತ್ರವನ್ನಷ್ಟೇ ಇಲ್ಲಿಗೆ ತರಿಸುವುದು ಸರಿಯಾದ ದಾರಿಯೇ. ತಕರಾರು ದಾರಿಯ ಮೇಲಲ್ಲ, ಟೋಲ್ ಕಟ್ಟಿಸಿಕೊಳ್ಳುವವರ ಮೇಲೆ.

ಚಿತ್ರ ಬರುವುದು ನಿಧಾನವಾದರೆ ಏನಾಗುತ್ತದೆಂದು ಒಂದು ಸಲ ಪಕ್ಕದಲ್ಲಿ ಕೂತು ನೋಡಬೇಕು. ಹೊಸ ಪಾರ್ಟಿಯ ಲೆಡ್ಜರ್ ಮಾಡುವಾಗ ಸ್ಟೇಟ್ ಕೇಳುತ್ತದೆ. ಹುಡುಗಿ 'ಕೆ' ಒತ್ತುತ್ತಾಳೆ. ತೆರೆ ಅಲುಗುವುದಿಲ್ಲ. ಹಿಡಿಯಲಿಲ್ಲವೋ ಏನೋ ಎಂದು ಎಂಟರ್ ಒತ್ತುತ್ತಾಳೆ. ಒತ್ತಿದ್ದೆಲ್ಲ ಸಾಲಾಗಿ ಸರ್ವರಿಗೆ ತಲುಪುತ್ತದೆ. ಅಕ್ಷರಮಾಲೆಯಲ್ಲಿ ಕೇರಳಕ್ಕಿಂತ ಮೊದಲು ಬರುವುದು ಕರ್ನಾಟಕ. ಚಂದ್ರಗಿರಿಯ ಉತ್ತರದ ಕಾಸರಗೋಡನ್ನು ಕರ್ನಾಟಕಕ್ಕೆ ಸೇರಿಸಿ ಎಂದು ಮಹಾಜನ ಆಯೋಗ 1967ರಲ್ಲಿ ಶಿಫಾರಸು ಮಾಡಿಯೂ ಆಗದ ಕೆಲಸ, ಇಷ್ಟು ವರ್ಷದ ಸತ್ಯಾಗ್ರಹ, ಮನವಿ, ಮೆರವಣಿಗೆಗಳಿಂದಲೂ ಆಗದ ಕೆಲಸ, ಹೀಗೆ ಒಂದು ಎಂಟರ್ ಕೀಲಿಯಲ್ಲಿ ಮುಗಿದುಹೋಗುತ್ತದೆ. ಕುಂಬಳೆಯ ಗಿರಾಕಿ ಕರ್ನಾಟಕಕ್ಕೆ ಸೇರಿದ! ಚಂದ್ರಗಿರಿ ಹೊಳೆಯ ಆಚೆಯ ಬೇಕಲದವನೂ ಈಚೆಯವನೂ ಎಂಬ ಭೇದವೇ ಇಲ್ಲ, ಆಯೋಗಕ್ಕಿಂತಲೂ ಈ ಸರ್ವರ್ ಉದಾರಿ. ವಿಲೀನದ ಸಿಹಿ ಹಂಚುವ ಮೊದಲು ಬಿಲ್ ನೋಡಿ: ರಾಜ್ಯದೊಳಗಿನ ಮಾರಾಟಕ್ಕೆ ಹಾಕುವ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಇರಬೇಕಾದಲ್ಲಿ ಹೊರರಾಜ್ಯದ ಮಾರಾಟದ ಐಜಿಎಸ್‌ಟಿ. ಒಟ್ಟು ಮೊತ್ತ ಅಷ್ಟೇ ಇರುವುದರಿಂದ ಅಂಗಡಿಯವನಿಗೂ ಗಿರಾಕಿಗೂ ಗೊತ್ತಾಗದು. ಜಿಎಸ್‌ಟಿ ನಂಬರ್ ಇದ್ದ ಪಾರ್ಟಿಯಾದರೆ ಮೊದಲ ಎರಡಂಕಿ ಕೇರಳದ 32 ಇದೆಯೋ ಕರ್ನಾಟಕದ 29 ಇದೆಯೋ ಎಂದು ತಾಳೆ ನೋಡಬಹುದು, ನಂಬರ್ ಇಲ್ಲದವರದ್ದು ವರ್ಷದ ಕೊನೆಗೇ ಸಿಗುವುದು. ಆಗ ಐಜಿಎಸ್‌ಟಿ ಕಾಯಿದೆಯ 19ನೇ ಕಲಂ ಹಿಡಿದು ಸರಿಯಾದ ತೆರಿಗೆಯನ್ನು ಮತ್ತೊಮ್ಮೆ ಕಟ್ಟಿ, ಮೊದಲು ಕಟ್ಟಿದ್ದಕ್ಕೆ ರಿಫಂಡ್ ಅರ್ಜಿ. ಬಡ್ಡಿ ಇಲ್ಲ, ಅದೊಂದು ಪುಣ್ಯ.

ಇನ್ನು ಲೈಸೆನ್ಸಿನ ಕಥೆ. ವಿಂಡೋಸ್ ಸರ್ವರಿನಲ್ಲಿ ಆಡಳಿತದ ಕೆಲಸಕ್ಕೆಂದು ಇಬ್ಬರು ಮಾತ್ರ ಒಟ್ಟಿಗೆ ಒಳಗೆ ಬರಬಹುದು. ಹೆಚ್ಚು ಜನ ಬೇಕಾದರೆ ತಲೆಗೊಂದು ರಿಮೋಟ್ ಡೆಸ್ಕ್‌ಟಾಪ್ ಲೈಸೆನ್ಸ್ ಕೊಳ್ಳಬೇಕು. ಅದನ್ನು ಹಾಕುವವರೆಗೆ 120 ದಿನಗಳ ವಿನಾಯಿತಿ ಇದೆ. ಅಗ್ಗದ ಹೋಸ್ಟಿಂಗಿನ ಗುಟ್ಟು ಅನೇಕ ಸಲ ಈ 120 ದಿನವೇ. ನೂರ ಇಪ್ಪತ್ತೊಂದನೇ ದಿನ "ಲೈಸೆನ್ಸ್ ಸರ್ವರ್ ಲಭ್ಯವಿಲ್ಲ" ಎಂದು ಬಾಗಿಲು ಮುಚ್ಚುತ್ತದೆ. ಫೋನ್ ಮಾಡಿದರೆ "ಸರ್, ನಿಮ್ಮ ಇಂಟರ್ನೆಟ್ ಪ್ರಾಬ್ಲಂ". ಎರಡು ಗಂಟೆ ಕಳೆದು ಅವರು ಅಲ್ಲಿ ಏನನ್ನೋ ಕೆದಕಿ ಅಳಿಸಿದ ಮೇಲೆ ನಿಮ್ಮ ಇಂಟರ್ನೆಟ್ ಪವಾಡದಂತೆ ಸರಿಯಾಗುತ್ತದೆ, ಇನ್ನು ನಾಲ್ಕು ತಿಂಗಳಿಗೆ. ಟ್ಯಾಲಿಯ ಲೈಸೆನ್ಸೂ ಹಾಗೆಯೇ, ಅದು ಯಂತ್ರಕ್ಕೆ ಕಟ್ಟಿಕೊಂಡಿರುತ್ತದೆ. ನಿಮಗೆ ಹೇಳದೆ ಸರ್ವರ್ ಬದಲಿಸಿದರೆ ಪ್ರೋಗ್ರಾಂ ಲೈಸೆನ್ಸ್ ಇಲ್ಲದವರು ಕಲಿಯಲೆಂದು ಇರುವ ಎಜುಕೇಶನ್ ಮೋಡಿಗೆ ಜಾರುತ್ತದೆ. ಆ ಲೋಕದಲ್ಲಿ ತಿಂಗಳಿಗೆ ವೋಚರ್ ಬರೆಯಲು ಸಿಗುವ ತಾರೀಕುಗಳು 1, 2 ಮತ್ತು 31. ಬೇರೆ ದಿನವೇ ಇಲ್ಲ, ಗಡುವಿಲ್ಲದ ಸ್ವರ್ಗ ಅದು. ಇಲಾಖೆಯವರನ್ನೂ ಅಲ್ಲಿಗೆ ಕರೆದೊಯ್ಯಬಹುದಾಗಿದ್ದರೆ!

ಸಪೋರ್ಟಿಗೆ ಕರೆ ಮಾಡುವವರಿಗೆ ಒಂದು ಮಾತು. ಹಿಂದಿಯಲ್ಲಿ ಶುರುವಾಗುತ್ತದೆ. ಕೇರಳ ಎಂದರೆ ಮಲಯಾಳಕ್ಕೆ ತಿರುಗಿಸುತ್ತಾರೆ. ಕನ್ನಡ ಬೇಕೆಂದರೆ "ಬೆಂಗಳೂರಾ ಸರ್?" ಎನ್ನುತ್ತಾರೆ. ಅಲ್ಲ ಎಂದರೆ ಟಿಕೆಟ್ ನಂಬರ್ ಕೊಟ್ಟು ಇಟ್ಟುಬಿಡುತ್ತಾರೆ.

ಸೆಕ್ಯುರಿಟಿಯ ವಿಷಯದಲ್ಲಿ ಇವರು ಬಹಳ ಕಟ್ಟುನಿಟ್ಟು. ಸರ್ವರಿನಿಂದ ನಿಮ್ಮ ಕಂಪ್ಯೂಟರಿಗೆ ಕಾಪಿ-ಪೇಸ್ಟ್ ಬಂದ್, ಡ್ರೈವ್ ಕಾಣುವುದಿಲ್ಲ, ಒಳಗಿನಿಂದ ಇಮೇಲ್ ತೆರೆಯುವುದಿಲ್ಲ. ಮಾರಾಟದ ವಿವರ ಸಲ್ಲಿಸುವ ಜಿಎಸ್‌ಟಿಆರ್-1ರ ಜೇಸನ್ ಫೈಲ್ ಸರ್ವರಿನಲ್ಲಿ ತಯಾರಾಗಿ ಕೂತಿದೆ, ಪೋರ್ಟಲಿಗೆ ಹಾಕಬೇಕಾದ ಬ್ರೌಸರ್ ಇಲ್ಲಿದೆ. ಬ್ರೌಸರನ್ನೂ ಅಲ್ಲೇ ತೆರೆಯೋಣವೆಂದರೆ ಕಂಪನಿಯ ರಿಟರ್ನಿಗೆ ಬೇಕಾದ ಡಿಜಿಟಲ್ ಸಹಿಯ ಟೋಕನ್ ನಿಮ್ಮ ಮೇಜಿನ ಯುಎಸ್‌ಬಿಯಲ್ಲಿ ಸಿಕ್ಕಿಸಿದ್ದು, ಅದು ಅಲ್ಲಿನ ಬ್ರೌಸರಿನ ಕಣ್ಣಿಗೆ ಬೀಳದು. ಒಬ್ಬರದೇ ಅಂಗಡಿಯಾದರೆ ಒಟಿಪಿ ಸಾಕು. ಆದರೆ ಆ ಸಿಮ್ ಇರುವುದು ದುಬೈಯಲ್ಲಿ, ಮಾಲಕರ ಕಿಸೆಯಲ್ಲಿ, ಅವರು ಡ್ಯೂಟಿಯಲ್ಲಿ. ನಿಮ್ಮ ನಲವತ್ತು ಕೆಬಿಯ ಫೈಲಿಗೆ ಇಷ್ಟೆಲ್ಲ ಕಾವಲು. ಅದೇ ಸರ್ವರಿಗೆ ರಿಮೋಟ್ ಆಗಿ ಒಳಬರುವ ಬಾಗಿಲಾದ 3389 ಪೋರ್ಟ್ ಮಾತ್ರ ಇಡೀ ಜಗತ್ತಿಗೆ ತೆರೆದಿರುತ್ತದೆ, ಯೂಸರ್ ಹೆಸರು ಟ್ಯಾಲಿ1, ಪಾಸ್‌ವರ್ಡ್ ಟ್ಯಾಲಿ@123. ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರಿನವರು ಗೋಡೆ ಹಾರಬೇಕಾಗಿಲ್ಲ. ಎರಡು ಹಂತದ ಲಾಗಿನ್ ಅಥವಾ ವಿಪಿಎನ್ ಕೇಳಿದರೆ "ಅದು ಪ್ರೀಮಿಯಂ ಪ್ಲಾನ್ ಸರ್".

ತಮಾಷೆ ಸಾಕು. ಸಿಟ್ಟು ಬರುವುದು ಬ್ಯಾಕಪ್ಪಿನ ವಿಷಯಕ್ಕೆ. "ದಿನವೂ ಬ್ಯಾಕಪ್" ಎಂದು ಹಣ ತೆಗೆದುಕೊಂಡು, ಅದೇ ಯಂತ್ರದ ಡಿ ಡ್ರೈವಿಗೆ ಕಾಪಿ ಮಾಡುವುದು ಬ್ಯಾಕಪ್ ಅಲ್ಲ, ಮೋಸ. ಯಂತ್ರ ಹೋದರೆ ಎರಡೂ ಹೋಗುತ್ತವೆ, ಬೀಗ ಬಿದ್ದರೆ ಎರಡಕ್ಕೂ ಬೀಳುತ್ತದೆ. ಟ್ಯಾಲಿಯೊಳಗಿನ ಬ್ಯಾಕಪ್ ಅದೇ ಫೋಲ್ಡರಿಗೆ ಮತ್ತೆ ತೆಗೆದರೆ ಹಳೆಯದರ ಮೇಲೆಯೇ ಬರೆದುಬಿಡಬಹುದು. ಸೋಮವಾರ ಕೆಟ್ಟ ಡೇಟಾವನ್ನು ಮಂಗಳವಾರ ಬ್ಯಾಕಪ್ ಮಾಡಿದರೆ ಬುಧವಾರಕ್ಕೆ ಒಳ್ಳೆಯದು ಎಲ್ಲೂ ಉಳಿದಿಲ್ಲ. ತಾರೀಕಿನ ಹೆಸರಿನ ಬೇರೆ ಬೇರೆ ಫೋಲ್ಡರ್ ಮಾಡಲು ಎಷ್ಟು ಬುದ್ಧಿ ಬೇಕು? ಎಲ್ಲರೂ ಹೊರಬಂದ ಮೇಲೆ ಬ್ಯಾಕಪ್ ತೆಗೆಯಲು, ತಿಂಗಳಿಗೊಮ್ಮೆ ಒಂದನ್ನು ಬೇರೆ ಫೋಲ್ಡರಿಗೆ ರಿಸ್ಟೋರ್ ಮಾಡಿ ಟ್ರಯಲ್ ಬ್ಯಾಲೆನ್ಸ್ ತಾಳೆಯಾಗುತ್ತದೋ ನೋಡಲು? ಇದ್ದ ಡೇಟಾದ ಮೇಲೆಯೇ ರಿಸ್ಟೋರ್ ಮಾಡಿ ಉಳಿದದ್ದನ್ನೂ ಅಳಿಸಿ "ಸಾರಿ ಸರ್" ಎನ್ನುವವರಿಗೆ ಏನು ಹೇಳುವುದು? ಕಂಪನಿಗಳ ಲೆಕ್ಕದ ಬ್ಯಾಕಪ್ ಭಾರತದೊಳಗಿನ ಸರ್ವರಿನಲ್ಲಿ ದಿನವೂ ಇರಬೇಕು ಎಂಬ ನಿಯಮ 2022ರಿಂದ ಇದೆ. ಸರ್ವರ್ ಯಾವ ಊರಿನಲ್ಲಿದೆ ಎಂದು ಕೇಳಿ ನೋಡಿ, ಮಾರಾಟಕ್ಕೆ ಬಂದವನಿಗೂ ಗೊತ್ತಿರುವುದಿಲ್ಲ. ಒಂದು ಸಣ್ಣ ಆಫೀಸು, ಇಬ್ಬರು ಹುಡುಗಿಯರು, ಅಡಿಕೆ ಅಂಗಡಿ, ಬೇಕರಿ, ಹಾರ್ಡ್‌ವೇರಿನವರ ಏಳೆಂಟು ವರ್ಷದ ಲೆಕ್ಕ. ಅದು ಹೋದರೆ ಬೈಗುಳ ತಿನ್ನುವವರು ಬದಿಯಡ್ಕದಲ್ಲಿದ್ದಾರೆ, ಸರ್ವರ್ ಇಟ್ಟವರ ಫೋನ್ ಸ್ವಿಚ್ ಆಫ್.

ಬಿಟ್ಟು ಹೋಗುತ್ತೇವೆ ಎನ್ನುವವರು ಕರಾರಿನ ಕೊನೆಯ ಪುಟ ಓದಲಿ. ಬಾಡಿಗೆ ನಿಂತ ಮೇಲೆ ಡೇಟಾ ಎಷ್ಟು ದಿನ ಇಡುತ್ತಾರೆಂದು ಅಲ್ಲಿರುತ್ತದೆ, ಏಳೋ ಹದಿನೈದೋ. ಜಿಎಸ್‌ಟಿ ಕಾಯಿದೆಯ 36ನೇ ಕಲಂ ಪ್ರಕಾರ ಲೆಕ್ಕ ಇಡಬೇಕಾದದ್ದು ವಾರ್ಷಿಕ ರಿಟರ್ನಿನ ಗಡುವಿನಿಂದ 72 ತಿಂಗಳು. ಆದ್ದರಿಂದ ಮೊದಲು ಫೋಲ್ಡರುಗಳನ್ನು ಇಳಿಸಿ ನಿಮ್ಮ ಕಂಪ್ಯೂಟರಿನಲ್ಲಿ ತೆರೆದು ನೋಡಿ, ಆಮೇಲೆ ಅಲ್ಲಿನ ಟ್ಯಾಲಿ ಲೈಸೆನ್ಸ್ ಸರೆಂಡರ್ ಮಾಡಿ, ಅದಾದ ಮೇಲೆಯೇ ಅವರಿಗೆ ಬೇಡವೆಂದು ಹೇಳಿ. ಮೊದಲೇ ಹೇಳಿದರೆ ಅಳಿಸುವ ಕೆಲಸವನ್ನು ಅವರು ಗಡುವಿಗೆ ಸರಿಯಾಗಿ, ಯಾವ ಟಿಕೆಟೂ ಇಲ್ಲದೆ, ಮಾಡಿ ಮುಗಿಸುತ್ತಾರೆ.