ನಟ್ಟು, ಬೋಲ್ಟು ಮತ್ತು ನಮ್ಮ ಭಾವ

ಹಾರರ್ ಸಿನಿಮಾ ಯಾರ ಜೊತೆ ಬೇಕಾದರೂ ನೋಡಿ. ಫ್ಯಾಕ್ಟರಿಯಲ್ಲಿ ಮೇಂಟೆನೆನ್ಸ್ ಕೆಲಸ ಮಾಡುವವರ ಜೊತೆ ಮಾತ್ರ ನೋಡಬೇಡಿ.

ನಮ್ಮ ಭಾವ ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಅದೇ ಕೆಲಸದಲ್ಲಿದ್ದಾರೆ. ಶನಿವಾರ ರಾತ್ರಿ ಅಕ್ಕನ ಮನೆಯಲ್ಲಿ ಊಟ ಮುಗಿಸಿ ಸುಮ್ನೆ ಮಲಗಬೇಕಿತ್ತು. ಭಾವ ‘ಫೈನಲ್ ಡೆಸ್ಟಿನೇಷನ್ 2’ ಹಾಕಿದರು. 2003ರ ಸಿನಿಮಾ. ನಾನು ಮೊದಲನೇ ಭಾಗ ನೋಡಿಲ್ಲ ಅಂದೆ. “ಏನೂ ತೊಂದರೆ ಇಲ್ಲಪ್ಪ, ಅದರಲ್ಲೂ ಸಾಯ್ತಾರೆ, ಇದರಲ್ಲೂ ಸಾಯ್ತಾರೆ” ಅಂದರು.

ಶುರುವಿನಲ್ಲೇ ಹೆದ್ದಾರಿ. ಮರದ ದಿಮ್ಮಿ ತುಂಬಿದ ಲಾರಿಯ ಚೈನು ಕಿತ್ತು, ಒಂದು ದಿಮ್ಮಿ ಹಿಂದೆ ಬರುತ್ತಿದ್ದ ಪೊಲೀಸ್ ಕಾರಿನ ಗಾಜು ಒಡೆದು ಒಳಗೆ ನುಗ್ಗುತ್ತದೆ. ನಾನು ಕಣ್ಣು ಮುಚ್ಚಿದೆ. ಪಕ್ಕದಿಂದ ಭಾವ, “ಲೋಡ್ ಕಟ್ಟೋಕೇ ಬರಲ್ಲ ಇವರಿಗೆ” ಅಂದರು.

ಆಮೇಲೆ ಲಾಟರಿ ಹೊಡೆದ ಹುಡುಗ. ಅವನ ಕೈ ಸಿಂಕಿನ ತೂತಿನಲ್ಲಿ ಸಿಕ್ಕಿಕೊಳ್ಳುತ್ತದೆ, ಅಡುಗೆಮನೆಗೆ ಬೆಂಕಿ ಬೀಳುತ್ತದೆ. ಹೇಗೋ ತಪ್ಪಿಸಿಕೊಂಡು ಕೆಳಗಿಳಿದರೆ, ತಾನೇ ಕಿಟಕಿಯಿಂದ ಬಿಸಾಕಿದ್ದ ನೂಡಲ್ಸ್ ತುಳಿದು ಜಾರಿ ಬೀಳುತ್ತಾನೆ. ಮೇಲಿಂದ ಕಬ್ಬಿಣದ ಏಣಿ ಸರ್ರನೆ ಇಳಿದು ಸೀದಾ ಕಣ್ಣಿಗೆ. ಸರಿಯಾಗಿ ಅಲ್ಲಿಗೆ ಭಾವ ರಿಮೋಟ್ ಒತ್ತಿ ಸಿನಿಮಾ ನಿಲ್ಲಿಸಿದರು!

“ಆ ಏಣಿ ಲಾಕ್ ನೋಡು. ಗ್ರೀಸ್ ಕಂಡು ಎಷ್ಟು ಕಾಲ ಆಯ್ತೋ. ವಾರಕ್ಕೊಂದ್ಸಲ ಚೆಕ್ ಮಾಡಿದ್ದಿದ್ರೆ ಹುಡುಗ ಉಳ್ಕೋತಿದ್ದ.”

ಟಿವಿ ತುಂಬ ಏಣಿ, ಕಣ್ಣು, ರಕ್ತ. ಭಾವ ಒಂದು ಕೈಯಲ್ಲಿ ಖಾರಾಪುರಿ ಹಿಡಿದು, ಇನ್ನೊಂದು ಕೈಯಲ್ಲಿ ಸ್ಪ್ರಿಂಗ್ ಹೇಗೆ ಕೆಲಸ ಮಾಡುತ್ತದೆ ಅಂತ ತೋರಿಸುತ್ತಿದ್ದಾರೆ. ಮುಂದಕ್ಕೆ ಹಾಕಿ ಭಾವ ಅಂದರೆ, “ತಡಿ, ಇನ್ನೊಂದ್ಸಲ ನೋಡೋಣ” ಅಂತ ಹಿಂದಕ್ಕೆ ಹಾಕಿದರು. ಆ ಹುಡುಗ ನಮ್ಮ ಕಣ್ಣೆದುರು ಮತ್ತೆ ಸತ್ತ. ಒಳಗಿಂದ ಅಕ್ಕ ಕೂಗಿದಳು: “ರೀ, ನಮ್ಮ ಸಿಂಕ್ ಯುಗಾದಿಯಿಂದ ಸೋರ್ತಾ ಇದೆ.” ಭಾವನಿಗೆ ಅದು ಕೇಳಿಸಲಿಲ್ಲ.

ಬೇಲಿ ತಂತಿ ಹಾರಿ ಬಂದು ಒಬ್ಬ ಮೂರು ಹೋಳಾದ. ನಾನು ದಿಂಬು ಕಚ್ಚಿಕೊಂಡು ಕೂತಿದ್ದೆ. “ಟೆನ್ಷನ್ ಜಾಸ್ತಿ ಆಗಿದೆ” ಅಂದರು ಭಾವ. ನನಗಲ್ಲ, ತಂತಿಗೆ.

ಈ ಸಿನಿಮಾದಲ್ಲಿ ದೆವ್ವವಾದರೂ ಇದ್ದಿದ್ದರೆ ಬಾಗಿಲಿಗೆ ನಿಂಬೆಹಣ್ಣು ಕಟ್ಟಿ ಮಲಗಬಹುದಿತ್ತು. ಸಡಿಲ ನಟ್ಟಿಗೆ ಏನು ಕಟ್ಟೋಣ ಹೇಳಿ? ಭಾವ ಅಷ್ಟು ಬಿಡಿಸಿ ಹೇಳದೇ ಇದ್ದಿದ್ದರೆ ಇದೆಲ್ಲ ಸುಳ್ಳು ಅಂತ ನಿದ್ದೆ ಮಾಡುತ್ತಿದ್ದೆ. ಈಗ ಫ್ಯಾನ್ ಕಿರ್ ಅಂದರೂ ಏಳುತ್ತೇನೆ.

ನನ್ನ ಮನೆ ಮಂಡ್ಯ, ಕೆಲಸ ಶ್ರೀರಂಗಪಟ್ಟಣದಲ್ಲಿ. 2023ರ ಆಗಸ್ಟ್‌ನಿಂದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್ ವೇ ಮೇಲೆ ಬೈಕು, ಆಟೋ, ಟ್ರ್ಯಾಕ್ಟರ್ ಬಿಡುವುದಿಲ್ಲ. ಅಂದರೆ ಸರ್ವಿಸ್ ರಸ್ತೆಯಲ್ಲಿ ನಾನು, ನನ್ನ ಸ್ಕೂಟರ್, ಮುಂದೆ ಕಬ್ಬಿನ ಟ್ರ್ಯಾಕ್ಟರ್. ಓವರ್‌ಟೇಕ್ ಮಾಡೋಣ ಅಂದರೆ ಹಗ್ಗ ಎಷ್ಟು ಸುತ್ತು ಕಟ್ಟಿದ್ದಾರೆ ಅಂತ ಲೆಕ್ಕ ಹಾಕುತ್ತೇನೆ. ಹಿಂದಿನವರು ಹಾರ್ನ್ ಹೊಡೆದು ಬೈಯುತ್ತಾರೆ. ಆಫೀಸಿನಲ್ಲಿ ಲೇಟ್ ಯಾಕೆ ಅಂದರೆ ಏನು ಹೇಳಲಿ?

ಚಿಕ್ಕವರಿದ್ದಾಗ ಇದೇ ಮಂಡ್ಯದಲ್ಲಿ, ಮೈಷುಗರ್ ಸಕ್ಕರೆ ಕಾರ್ಖಾನೆ ಕಡೆ ಹೋಗುವ ಕಬ್ಬಿನ ಗಾಡಿಗಳ ಹಿಂದೆ ಓಡುತ್ತಿದ್ದೆವು. ಜಲ್ಲೆ ಎಳೆದವನೇ ಅವತ್ತಿನ ಹೀರೊ. ಗಾಡಿಯವನು ಬಾರುಕೋಲು ತೋರಿಸಿ ಬೈದರೂ ಗಾಡಿ ನಿಲ್ಲಿಸುತ್ತಿರಲಿಲ್ಲ. ಮೇಲಿನ ಹೊರೆ ಜಾರಬಹುದು ಅಂತ ಒಬ್ಬನಿಗೂ ಹೊಳೆದಿರಲಿಲ್ಲ. ಆ ಹುಡುಗರಲ್ಲಿ ಅರ್ಧ ಜನ ಈಗ ಬೆಂಗಳೂರಿನಲ್ಲಿ ಕಾರಿನೊಳಗೆ ಕೂತು, ಬೆಲ್ಟ್ ಹಾಕಿಕೊಂಡು, ಟ್ರಾಫಿಕ್‌ನಲ್ಲಿದ್ದಾರೆ.

ನಿನ್ನೆ ಭಾವ ಫೋನ್ ಮಾಡಿದ್ದರು. 2006ರಲ್ಲಿ ಬಂದ ಮೂರನೇ ಭಾಗ ಸಿಕ್ಕಿದೆಯಂತೆ. ಅದರಲ್ಲಿ ರೋಲರ್ ಕೋಸ್ಟರ್. “ದಸರಾ ಎಕ್ಸಿಬಿಷನ್‌ಗೆ ಮಕ್ಕಳನ್ನ ಕರ್ಕೊಂಡು ಹೋಗೋ ಮುಂಚೆ ನೋಡಿಬಿಡೋಣ, ಜೈಂಟ್ ವೀಲ್‌ನಲ್ಲಿ ಏನೇನು ಚೆಕ್ ಮಾಡ್ಬೇಕು ಅಂತ ಗೊತ್ತಾಗುತ್ತೆ” ಅಂದರು. ಈ ಭಾನುವಾರ ಒಂದು ಮದುವೆ ಇದೆ ಭಾವ, ಬರೋಕಾಗಲ್ಲ ಅಂದೆ. ಯಾರದ್ದು ಅಂತ ಕೇಳಿದರು. ಇನ್ನೂ ಹುಡುಕುತ್ತಿದ್ದೇನೆ.