ಚಿಕ್ಕಪ್ಪನ ಹೋಂಸ್ಟೇ ಮತ್ತು ಓಝೋನ್ ಮೆಷಿನ್

ಕಕ್ಕಡ ತಿಂಗಳ ಮಳೆಯಲ್ಲಿ ಮಡಿಕೇರಿ ಹತ್ತಿರ ಚಿಕ್ಕಪ್ಪನ ಹೋಂಸ್ಟೇಗೆ ಹೋಗಿದ್ದೆ. ಬಾಗಿಲು ತೆಗೆದ ಕೂಡಲೇ ಒಂಥರಾ ಚುರುಕು ವಾಸನೆ. ಸಿಡಿಲು ಬಡಿದ ಮೇಲೆ ಬರುತ್ತದಲ್ಲ, ಹಾಗೆ. "ಓಝೋನ್ ಮೆಷಿನ್ ತಂದೆ ಕಣೋ. ಮುಗ್ಗಲು ವಾಸನೆ, ಜನರ ವಾಸನೆ ಎಲ್ಲಾ ಮಾಯ" ಎಂದರು ಚಿಕ್ಕಪ್ಪ. ಕಿಟಕಿಗಳೆಲ್ಲ ಬಿಗಿಯಾಗಿ ಮುಚ್ಚಿದ್ದವು. ಟೇಬಲ್ ಮೇಲೆ ನಿಂಬೆ ಪರಿಮಳದ ಸ್ಪ್ರೇ ಬೇರೆ.

ನನಗೆ ಸಿಟ್ಟು ಬಂದಿದ್ದು ಅಲ್ಲೇ.

ಓಝೋನ್ ಅಂದರೆ ಆಮ್ಲಜನಕದ್ದೇ ಇನ್ನೊಂದು ರೂಪ, ಬಲು ಚುರುಕು ಅನಿಲ. ಅದು ವಾಸನೆಯನ್ನು ಸುಮ್ನೆ ನುಂಗಿಬಿಡುವುದಿಲ್ಲ, ಅದನ್ನು ಬೇರೆ ಏನೋ ಆಗಿ ಬದಲಾಯಿಸುತ್ತದೆ. ನಮ್ಮ ಚರ್ಮದ ಎಣ್ಣೆಯಲ್ಲಿ ಸುಮಾರು ಹತ್ತರಲ್ಲಿ ಒಂದು ಪಾಲು ಸ್ಕ್ವಾಲೀನ್ ಎಂಬ ವಸ್ತು. ಮಲಗಿದ ದಿಂಬಿಗೆ, ಹೊದ್ದ ರಗ್ಗಿಗೆ, ಕುರ್ಚಿಯ ಕೈಗೆ ಅದು ಅಂಟಿಕೊಂಡಿರುತ್ತದೆ. ಓಝೋನ್ ಅದನ್ನು ತುಂಡರಿಸಿದಾಗ ಅಸಿಟೋನ್, ಹಲವು ಬಗೆಯ ಆಲ್ಡಿಹೈಡ್‌ಗಳು ಎಂಬ ರಾಸಾಯನಿಕಗಳು ಗಾಳಿಗೆ ಸೇರುತ್ತವೆ. ಕೆಲವು ಕಣ್ಣು, ಗಂಟಲು ಉರಿಸುತ್ತವೆ. ಅತಿಥಿ ಹೊರಟುಹೋದರೂ ಅವರ ಮೈ ಎಣ್ಣೆ ರೂಮಿನಲ್ಲೇ ಉಳಿದು ಈ ಆಟ ಆಡುತ್ತಿರುತ್ತದೆ. ಓಝೋನ್ ಕೂಡ ನೇರವಾಗಿ ಶ್ವಾಸಕೋಶಕ್ಕೆ ಕೆಟ್ಟದ್ದೇ.

ಸ್ಪ್ರೇ ಕತೆ ಇನ್ನೂ ಚೆನ್ನಾಗಿದೆ. ನಮ್ಮ ಕೊಡಗಿನ ಕಿತ್ತಳೆ ಸಿಪ್ಪೆ ಹಿಚುಕಿದಾಗ ಬರುವ ಪರಿಮಳಕ್ಕೆ ಮುಖ್ಯ ಕಾರಣ ಲಿಮೊನೀನ್. ನಿಂಬೆ ಸ್ಪ್ರೇಯಲ್ಲೂ, ನೆಲ ಒರೆಸುವ ದ್ರಾವಣದಲ್ಲೂ ಸಾಮಾನ್ಯವಾಗಿ ಅದೇ. ಓಝೋನ್ ಜೊತೆ ಸೇರಿದರೆ ಫಾರ್ಮಾಲ್ಡಿಹೈಡ್ ಎಂಬ ಹಾನಿಕರ ಅನಿಲ ಮತ್ತು ಕಣ್ಣಿಗೆ ಕಾಣದ ಸಣ್ಣ ಕಣಗಳು ಹುಟ್ಟುತ್ತವೆ. ಒಂದು ಕಡೆ ಮೆಷಿನ್, ಇನ್ನೊಂದು ಕಡೆ ಸ್ಪ್ರೇ. ಚಿಕ್ಕಪ್ಪ ಗೊತ್ತಿಲ್ಲದೆ ಪುಟ್ಟ ಕಾರ್ಖಾನೆ ಇಟ್ಟಿದ್ದರು.

2022ರಲ್ಲಿ ಜರ್ಮನಿಯ ಮೈಂಜ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯವರು ಮತ್ತು ಜೊತೆಗಾರರು ಒಂದು ಪ್ರಯೋಗದ ಫಲಿತಾಂಶ ಹೊರತಂದರು. ಡೆನ್ಮಾರ್ಕಿನಲ್ಲಿ ಸ್ಟೀಲಿನ ಕೋಣೆಯೊಳಗೆ ನಾಲ್ಕು ನಾಲ್ಕು ಜನರನ್ನು ಕೂರಿಸಿ, ಓಝೋನ್ ಬಿಟ್ಟು ಅಳೆದರು. ಮನುಷ್ಯರ ಸುತ್ತಲೇ ಹೈಡ್ರಾಕ್ಸಿಲ್ ರಾಡಿಕಲ್ ಹುಟ್ಟುತ್ತಿತ್ತು. ಅದು ಸಾಮಾನ್ಯವಾಗಿ ಹೊರಗಡೆ ಬಿಸಿಲಲ್ಲಿ ಗಾಳಿ ತೊಳೆಯುವ ಚುರುಕು ಅಣು. ಅಂದರೆ ಮನೆಯ ಗಾಳಿಗೆ ನಾವೂ ಒಂದು ರಾಸಾಯನಿಕ, ಬರೀ ಉಸಿರಾಡುವವರಲ್ಲ!

ನನ್ನ ಹತ್ತಿರ ಕಾರ್ಬನ್ ಡೈಆಕ್ಸೈಡ್ ಅಳೆಯುವ ಸಣ್ಣ ಮೀಟರ್ ಇದೆ. ಅಂಗಳದಲ್ಲಿ 430 ಪಿಪಿಎಂ ತೋರಿಸಿತು, ಅಂದರೆ ಹತ್ತು ಲಕ್ಷ ಪಾಲು ಗಾಳಿಯಲ್ಲಿ 430 ಪಾಲು. ನಾವಿಬ್ಬರು ಮುಚ್ಚಿದ ರೂಮಿನಲ್ಲಿ ಮಲಗಿ ಎದ್ದಾಗ 2400. 1858ರಲ್ಲೇ ಮ್ಯೂನಿಕ್‌ನ ಆರೋಗ್ಯ ವಿಜ್ಞಾನಿ ಪೆಟೆನ್‌ಕೋಫರ್ ಮನೆಯೊಳಗೆ ಇದು 1000 ಪಿಪಿಎಂ ದಾಟಬಾರದು ಎಂದಿದ್ದರು. ಆ ಅನಿಲವೇ ವಿಷ ಅಂತಲ್ಲ. ಜನರಿಂದ ಬಂದ ಉಳಿದದ್ದು ಎಷ್ಟು ತುಂಬಿದೆ ಎನ್ನುವುದಕ್ಕೆ ಅದು ಗುರುತು, ಅಷ್ಟೆ.

ಹಳೇ ಹೆಂಚಿನ ಮನೆಯಲ್ಲಿ ಈ ತಾಪತ್ರಯ ಕಡಿಮೆ ಇತ್ತು. ಹೆಂಚಿನ ಸಂದಿಯಲ್ಲೇ ಗಾಳಿ ಓಡಾಡುತ್ತಿತ್ತು. ಹಾಗಂತ ಅಜ್ಜಿ ಕಾಲವೇ ಚೆಂದ ಎನ್ನಲಾರೆ, ಒಲೆ ಹೊಗೆಯಲ್ಲಿ ಅಜ್ಜಿ ಕೆಮ್ಮಿದ್ದು ನೆನಪಿದೆ. ಈಗ ಆರ್‌ಸಿಸಿ ಛಾವಣಿ, ಸಂದಿಯಿಲ್ಲದ ಕಿಟಕಿ. ಆದರೆ ಅಗ್ಗಿಷ್ಟಿಕೆ ಮಾತ್ರ ಹಳೇದೇ. ಮುಚ್ಚಿದ ರೂಮಿನಲ್ಲಿ ಕೆಂಡ ಇಟ್ಟು ಮಲಗುವವರಿಗೆ ನಾನು ಜೋರಾಗಿಯೇ ಹೇಳುತ್ತೇನೆ, ಬೇಡ. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲಕ್ಕೆ ವಾಸನೆ ಇಲ್ಲ, ನಿದ್ದೆಯಲ್ಲೇ ಜೀವ ಹೋಗುತ್ತದೆ.

"ಚಿಕ್ಕಪ್ಪ, ಮೆಷಿನ್ ಆಫ್ ಮಾಡಿ. ಜನ ಹೋದ ಮೇಲೆ ಎರಡು ಕಡೆ ಕಿಟಕಿ ತೆಗೆಯಿರಿ. ದಿಂಬಿನ ಕವರ್ ಒಗೆಸಿ, ಬಾತ್‌ರೂಮಿಗೆ ಎಕ್ಸಾಸ್ಟ್ ಫ್ಯಾನ್ ಹಾಕಿಸಿ" ಎಂದೆ.

"ಕಿಟಕಿ ತೆಗೆದರೆ ಮಂಜು ಒಳಗೆ ಬರ್ತದೆ."

"ಬರಲಿ. ಮಂಜು ನೋಡೋಕೇ ತಾನೆ ಬೆಂಗಳೂರಿಂದ ದುಡ್ಡು ಕೊಟ್ಟು ಬರೋದು?"

ಚಿಕ್ಕಪ್ಪ ಸ್ವಲ್ಪ ಯೋಚಿಸಿದರು. "ಜಿಗಣೆನೂ ಬರ್ತದಲ್ಲೋ" ಎಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.