ಅರ್ಧಂಬರ್ಧ ಕೆಲಸಕ್ಕೂ ಒಂದು ಗೋಡೆ ಬೇಕು

ಗ್ಯಾಲರಿ ಅಂದ ತಕ್ಷಣ ನಮ್ಮಲ್ಲಿ ಬಹಳ ಜನ ಎರಡೇ ಪ್ರಶ್ನೆ ಕೇಳುತ್ತಾರೆ. ಚಿತ್ರ ಎಷ್ಟಕ್ಕೆ ಹೋಯಿತು? ಉದ್ಘಾಟನೆಗೆ ಯಾರು ಬಂದಿದ್ದರು? ಕಲಾವಿದರೇ ಕಟ್ಟಿ, ಕಲಾವಿದರೇ ನಡೆಸುವ ಪುಟ್ಟ ಜಾಗಗಳನ್ನು ಈ ಎರಡು ಪ್ರಶ್ನೆಯಿಂದ ಅಳೆಯಲು ಹೋದರೆ ಏನೂ ಸಿಗುವುದಿಲ್ಲ. ಅಲ್ಲಿ ಕೇಳಬೇಕಾದ್ದು ಬೇರೆ. ಇಲ್ಲಿ ಯಾರು ಏನನ್ನು ಮೊದಲ ಸಲ ಮಾಡಿ ನೋಡಿದರು? ಆ ಧೈರ್ಯ ಅವರಿಗೆ ಎಲ್ಲಿಂದ ಬಂತು?

ಬೆಂಗಳೂರಿನ ಶಾಂತಿನಗರದಲ್ಲಿರುವ ವನ್ ಶಾಂತಿರೋಡ್ ಗೊತ್ತಿರಬಹುದು. ಕಲಾವಿದ, ಕಲಾ ಇತಿಹಾಸಕಾರ ಸುರೇಶ್ ಜಯರಾಮ್ 2003ರಲ್ಲಿ ಶುರು ಮಾಡಿದ್ದು. ಅದು ಅವರ ಮನೆಯೂ ಹೌದು, ಗ್ಯಾಲರಿಯೂ ಹೌದು, ಬೇರೆ ಊರು ಬೇರೆ ದೇಶದಿಂದ ಬಂದ ಕಲಾವಿದರು ಉಳಿದುಕೊಂಡು ಕೆಲಸ ಮಾಡುವ ಜಾಗವೂ ಹೌದು. ಕಟ್ಟಡದ ವಿನ್ಯಾಸ ವಾಸ್ತುಶಿಲ್ಪಿ ಮೀತಾ ಜೈನ್ ಅವರದು. ಮಧ್ಯದಲ್ಲಿ ಅಂಗಳ, ಅಲ್ಲೊಂದು ಬಾದಾಮಿ ಮರ. ಪ್ರದರ್ಶನ ನೋಡಲು ಹೋದವರು ಅಂಗಳದಲ್ಲೇ ನಿಂತು ಮಾತಾಡುತ್ತಾರೆ, ಅಡುಗೆಮನೆಯಿಂದ ಏನಾದರೂ ಬರುತ್ತದೆ, ಮಾತು ಇನ್ನಷ್ಟು ಬೆಳೆಯುತ್ತದೆ. ಗ್ಯಾಲರಿ ಕೋಣೆಯಲ್ಲಿ ನಡೆಯುವಷ್ಟೇ ಕಲೆಯ ಕೆಲಸ ಈ ಅಂಗಳದಲ್ಲೂ ನಡೆಯುತ್ತದೆ ಅಂತ ನಾನು ನಂಬುತ್ತೇನೆ.

ನನಗೆ ಇಂಥ ಜಾಗಗಳ ಮೇಲೆ ಪ್ರೀತಿ ಇರುವುದು ಒಂದೇ ಕಾರಣಕ್ಕೆ. ಇಲ್ಲಿ ಮುಗಿಯದ ಕೆಲಸವನ್ನೂ ತೋರಿಸಬಹುದು. ಮಾರುವ ಗ್ಯಾಲರಿಗೆ ಮುಗಿದ ಕೆಲಸ ಬೇಕು, ಸಂಗ್ರಹಾಲಯಕ್ಕೆ ಹೆಸರಾದ ಕೆಲಸ ಬೇಕು. ಅವರವರ ಲೆಕ್ಕ ಅವರಿಗೆ ಸರಿ. ಆದರೆ ಕಲಾವಿದರ ಬದುಕಿನ ಬಹುಪಾಲು ಕಳೆಯುವುದು ಈ ಎರಡಕ್ಕೂ ಮುಂಚಿನ ಗೊಂದಲದಲ್ಲಿ. ಆ ಗೊಂದಲಕ್ಕೆ ನಾಲ್ಕು ಜನ ನೋಡುವ ಒಂದು ಗೋಡೆ ಸಿಕ್ಕರೆ ಆಗುವ ಉಪಯೋಗವನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಇಂಥದೇ ಒಂದು ಜಾಗದಲ್ಲಿ ಪ್ರದರ್ಶನದ ತಯಾರಿ ನಡೆದಿತ್ತು. ಮಧ್ಯಾಹ್ನದಿಂದ ಹಳೇ ಮೊಳೆ ಕಿತ್ತು, ತೂತಿಗೆ ಪುಟ್ಟಿ ಮೆತ್ತಿ, ಸ್ಯಾಂಡ್ ಪೇಪರ್ ಉಜ್ಜಿ, ಬಿಳಿ ಬಣ್ಣದ ರೋಲರ್ ಓಡಿಸಿದ್ದರು. ಯುವ ಕಲಾವಿದೆಯೊಬ್ಬಳು ಖಾಲಿ ಸಿಮೆಂಟ್ ಚೀಲಗಳನ್ನು ಬಿಚ್ಚಿ, ಒಂದಕ್ಕೊಂದು ಹೊಲಿದು ದೊಡ್ಡ ಹೊದಿಕೆಯಂತೆ ಮಾಡಿಕೊಂಡು ಬಂದಿದ್ದಳು. ಸೂರಿನಿಂದ ನೇತು ಹಾಕಬೇಕು ಅನ್ನೋದು ಅವಳ ಯೋಜನೆ. ತಂತಿ ತಡೆಯಲಿಲ್ಲ. ಎರಡು ಸಲ ಕಟ್ಟಿದರೂ ಒಂದು ಮೂಲೆ ಜಗ್ಗಿ ಕೆಳಗೆ ಬಂತು. ಅಲ್ಲೇ ಏಣಿ ಹಿಡಿದುಕೊಂಡಿದ್ದ ಹಿರಿಯ ಕಲಾವಿದರು ಕೇಳಿದರು, "ಇದನ್ನ ಮೇಲೇ ಕಟ್ಟಬೇಕಾ ಅಮ್ಮ? ನೆಲದ ಮೇಲೆ ಬಿಟ್ಟು ನೋಡೋಣ."

"ಬಿದ್ದೋಗಿದೆ ಅಂದ್ಕೊಳ್ಳಲ್ವಾ ಸರ್ ಜನ?"

"ಅಂದ್ಕೊಳ್ಳಲಿ. ಹತ್ತಿರ ಬಂದು ನೋಡ್ತಾರಲ್ಲ."

ಸಂಜೆ ಬಂದವರು ಹತ್ತಿರ ಬಂದೇ ನೋಡಿದರು. ಹೊಲಿಗೆ ಸಂದಿಯಿಂದ ಉದುರಿದ ಬೂದು ಪುಡಿ ನೆಲದ ತುಂಬ ಇತ್ತು. ಯಾರೂ ಹೇಳದೆ ಮೊದಲು ಒಬ್ಬರು ಚಪ್ಪಲಿ ಬಿಟ್ಟರು, ಆಮೇಲೆ ಎಲ್ಲರೂ ಬಿಟ್ಟರು. ಅವಳು ಗೋಡೆಗೆ ಒರಗಿ ನಿಂತು ಜನರ ಕಾಲನ್ನೇ ನೋಡುತ್ತಿದ್ದಳು. ಅವಳ ಮುಂದಿನ ಕೆಲಸ ಪೂರ್ತಿ ನೆಲದ ಮೇಲೆ, ಬರಿಗಾಲಲ್ಲಿ ನಡೆಯುವವರಿಗಾಗಿಯೇ ಹುಟ್ಟಿತು. ಪ್ರಯೋಗ ಅಂದರೆ ನನಗೆ ಇದು.

'ಸಮೂಹ' ಅನ್ನುವ ಜಾಗದ ಕಥೆಯನ್ನೂ ಹೇಳಲೇಬೇಕು. 2009ರಲ್ಲಿ ಬೆಂಗಳೂರಿನ ಕಲಾವಿದರು ಸೇರಿ, ಜೆ.ಸಿ. ರಸ್ತೆಯ ಎಡಿಎ ರಂಗಮಂದಿರದಲ್ಲಿ ಜಾಗ ಹಿಡಿದು, ತಾವೇ ದುಡ್ಡು ಹಾಕಿ, ದಿನಗಳನ್ನು ತಮ್ಮತಮ್ಮಲ್ಲಿ ಹಂಚಿಕೊಂಡು ನಡೆಸಿದ ಜಾಗ ಅದು. ಸುರೇಶ್ ಕುಮಾರ್, ಶಿವಪ್ರಸಾದ್, ಅರ್ಚನಾ ಪ್ರಸಾದ್ ಮುಂದೆ ನಿಂತಿದ್ದರು. 414 ದಿನ ನಡೆಸಿ ಮುಗಿಸಿದರು. "ಅಯ್ಯೋ, ನಿಂತೇ ಹೋಯ್ತಾ?" ಅಂತ ಇವತ್ತೂ ಕೇಳುವವರಿದ್ದಾರೆ. ನಿಲ್ಲಲಿಲ್ಲ ಸ್ವಾಮಿ, ಮುಗಿಯಿತು. ನಾಟಕ ಮುಗಿದ ಮೇಲೆ ಪರದೆ ಎಳೆದರೆ ಯಾರೂ ಸೋಲು ಅನ್ನುವುದಿಲ್ಲ, ಅಲ್ವಾ? ಅದೇ 2009ರಲ್ಲಿ ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಶನ್‌ನಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ ತೆರೆಯಿತು. ಅದೂ ನಗರಕ್ಕೆ ಬೇಕಿತ್ತು, ಸಂತೋಷ. ಆದರೆ ಅಲ್ಲಿಯ ಗೋಡೆ ಮೇಲೆ ಒಬ್ಬ ಹೊಸ ಹುಡುಗ ಹೋಗಿ "ನಾಳೆ ಒಂದು ಐಡಿಯಾ ಟ್ರೈ ಮಾಡಲಾ" ಅಂತ ಕೇಳೋಕಾಗಲ್ಲ. ಸಮೂಹದಂಥ ಕಡೆ ಕೇಳಬಹುದು.

ಈಗ ನನಗೆ ಕಷ್ಟ ಅನ್ನಿಸುವ ವಿಷಯಕ್ಕೆ ಬರುತ್ತೇನೆ. ಈ ಸ್ವಾತಂತ್ರ್ಯದ ಖರ್ಚನ್ನು ಯಾರು ಹೊರುತ್ತಾರೆ? ಬಾಡಿಗೆ, ಕರೆಂಟ್ ಬಿಲ್, ಪ್ರೊಜೆಕ್ಟರ್, ಬಣ್ಣ, ಬಂದವರಿಗೆ ಊಟ. ಇದರ ಜೊತೆಗೆ ಲೆಕ್ಕಕ್ಕೇ ಸಿಗದ ದುಡಿಮೆ. ಕಸ ಗುಡಿಸುವವರು, ರಾತ್ರಿ ಬಾಗಿಲು ಹಾಕುವವರು, ಪಕ್ಕದ ಮನೆಯವರು ಸದ್ದು ಜಾಸ್ತಿ ಆಯ್ತು ಅಂದಾಗ ಹೋಗಿ ಸಮಾಧಾನ ಮಾಡುವವರು. ಸ್ವಂತ ಮನೆ ಇದ್ದವರು ಮನೆಯನ್ನೇ ಬಿಟ್ಟುಕೊಟ್ಟರೆ ಜಾಗ ಇಪ್ಪತ್ತು ವರ್ಷ ದಾಟುತ್ತದೆ. ಬಾಡಿಗೆ ಜಾಗವಾದರೆ ಒಂದೆರಡು ವರ್ಷ ಎಳೆಯುವುದರಲ್ಲಿ ಎಲ್ಲರ ಕೈ ಖಾಲಿ. ಹಾಗಾದರೆ ಪ್ರಯೋಗ ಮಾಡುವ ಅವಕಾಶ ಯಾರದೋ ಒಬ್ಬರ ಔದಾರ್ಯದ ಮೇಲೇ ನಿಂತಿರಬೇಕಾ? ಇದು ಸರಿಯಲ್ಲ. ಭವನ ಕಟ್ಟಲು, ಉತ್ಸವ ಮಾಡಲು ನಮ್ಮಲ್ಲಿ ಹಣ ಹುಟ್ಟುತ್ತದೆ. ಒಂದು ಕೋಣೆಯ ವರ್ಷದ ಬಾಡಿಗೆ ಕೊಟ್ಟು "ಏನು ಬೇಕಾದರೂ ಮಾಡಿ, ನಾವು ಕೇಳಲ್ಲ" ಅನ್ನುವ ಯೋಜನೆಯೂ ಬೇಕು. ಕೇಳಲ್ಲ ಅನ್ನುವ ಮಾತೇ ಮುಖ್ಯ. ವರದಿ, ಫೋಟೋ, ಅತಿಥಿಗಳ ಪಟ್ಟಿ ಅಂತ ಶುರುವಾದರೆ ಮತ್ತೆ ಮುಗಿದ ಕೆಲಸವೇ ಬರುತ್ತದೆ.

ಇನ್ನೊಂದು ತಕರಾರು ನನ್ನದಿದೆ, ಪ್ರೀತಿಯಿಂದಲೇ ಹೇಳುತ್ತೇನೆ. ಇಂಥ ಜಾಗಗಳ ಗೇಟು ಸದಾ ತೆರೆದಿರುತ್ತದೆ, ಆದರೂ ದಾವಣಗೆರೆಯಿಂದಲೋ ಕಲಬುರಗಿಯಿಂದಲೋ ಬಂದ ಹುಡುಗ ಹುಡುಗಿಯರು ಗೇಟಿನ ಹತ್ತಿರವೇ ಹಿಂಜರಿಯುತ್ತಾರೆ. ಗೋಡೆ ಮೇಲಿನ ಬರಹ ಇಂಗ್ಲಿಷ್, ಪೋಸ್ಟರ್ ಇಂಗ್ಲಿಷ್, ಓಪನಿಂಗ್ ದಿನದ ಮಾತೂ ಹೆಚ್ಚಾಗಿ ಇಂಗ್ಲಿಷ್. ಕೆಲಸದಲ್ಲಿ ಗಟ್ಟಿ ಇರುವ ಮಕ್ಕಳು ಮಾತಿಗೆ ಹೆದರಿ ಹಿಂದೆ ಸರಿಯಬಾರದು. ಪ್ರತಿ ಪ್ರದರ್ಶನಕ್ಕೂ ಒಂದು ಪುಟ ಕನ್ನಡ ಬರೆಯುವುದು ದೊಡ್ಡ ಖರ್ಚಲ್ಲ. ಯಾರಾದರೂ ಕರೆದರೆ ನಾನೇ ಬಂದು ಬರೆದುಕೊಡುತ್ತೇನೆ.

ಗೇಟು ದಾಟಿದರೆ ಏನಾಗಬಹುದು ಅನ್ನುವುದಕ್ಕೆ ಕಾಪ್ ಶಿವ ಇದ್ದಾರೆ. ರಾಮನಗರದ ಕಡೆಯ ಹಳ್ಳಿಯಿಂದ ಬಂದು ಪೊಲೀಸ್ ಕೆಲಸಕ್ಕೆ ಸೇರಿದವರು. ವನ್ ಶಾಂತಿರೋಡ್‌ನ ಒಡನಾಟದಲ್ಲಿ ಕ್ಯಾಮೆರಾ ಹಿಡಿದು ಹೆಸರಾಂತ ಛಾಯಾಗ್ರಾಹಕರಾದರು. ಮೈಗೆಲ್ಲ ಬೆಳ್ಳಿ ಬಣ್ಣ ಬಳಿದುಕೊಂಡು ಗಾಂಧಿಯಾಗಿ ಬೀದಿಗಳಲ್ಲಿ ನಿಲ್ಲುವ ಶಾಲಾ ಮೇಷ್ಟ್ರು ಬಾಗಡೇಹಳ್ಳಿ ಬಸವರಾಜು ಅವರನ್ನು ತೆಗೆದ ಚಿತ್ರಸರಣಿ ನೋಡಿ. ಹೊಲ, ಬಸ್‌ಸ್ಟ್ಯಾಂಡ್, ಊರ ಬೀದಿ ಎಲ್ಲ ಅದರಲ್ಲಿ ತಮ್ಮದೇ ಗತ್ತಿನಲ್ಲಿವೆ. ಆ ಲೋಕ ಒಳಗಿನಿಂದ ಗೊತ್ತಿದ್ದವರಿಗೇ ಹಾಗೆ ನೋಡಲು ಬರುವುದು.

2016ರಲ್ಲಿ ಕಸ್ತೂರಬಾ ರಸ್ತೆಯ ವೆಂಕಟಪ್ಪ ಆರ್ಟ್ ಗ್ಯಾಲರಿಯನ್ನು ಖಾಸಗಿಯವರ ಕೈಗೆ ಕೊಡುವ ಯೋಜನೆಯ ವಿರುದ್ಧ ಕಲಾವಿದರು ಬೀದಿಗಿಳಿದಾಗಲೂ ನನಗೆ ಈ ಅಂಗಳಗಳು ನೆನಪಾದವು. ಒಬ್ಬರಿಗೊಬ್ಬರು ಪರಿಚಯ ಇರದ ಜನ ಅಷ್ಟು ಬೇಗ ಒಟ್ಟಾಗುವುದಿಲ್ಲ.

ಧಾರವಾಡ, ಮೈಸೂರು, ದಾವಣಗೆರೆ, ಕಲಬುರಗಿಯಲ್ಲಿ ಕಲಾಶಾಲೆಗಳಿವೆ. ಕೊನೇ ವರ್ಷದ ಡಿಸ್‌ಪ್ಲೇ ಮುಗಿದ ಮರುದಿನದಿಂದ ಆ ಮಕ್ಕಳ ಮುಂದೆ ಗೋಡೆಯೇ ಇರುವುದಿಲ್ಲ. ಬೆಂಗಳೂರಿಗೆ ಬಂದು ಬಾಡಿಗೆಗೆ ದುಡಿಯುತ್ತ ಚಿತ್ರ ಬಿಡುವವರೇ ಜಾಸ್ತಿ. ಈ ಊರುಗಳಲ್ಲಿ ಇದನ್ನು ಓದುತ್ತಿರುವವರಲ್ಲಿ ಯಾರದಾದರೂ ರಸ್ತೆ ಬದಿಯ ಮಳಿಗೆ ಖಾಲಿ ಬಿದ್ದಿದ್ದರೆ, ಮುಂದಿನ ಬಾಡಿಗೆದಾರರು ಸಿಗುವ ತನಕ ಎರಡು ತಿಂಗಳು ಅವರಿಗೆ ಬಿಟ್ಟುಕೊಡಿ. ಕರೆಂಟ್ ಬಿಲ್ ಅವರೇ ಕಟ್ಟಲಿ, ಹೋಗುವಾಗ ಗೋಡೆಗೆ ಬಣ್ಣ ಹೊಡೆದು ಹೋಗಲಿ ಅಂತ ಮೊದಲೇ ಮಾತಾಡಿಕೊಳ್ಳಿ. ಶಟರ್ ಎತ್ತಿ ಬೀಗದ ಕೈ ಅವರಿಗೆ ಕೊಡಿ. ಒಳಗೆ ಏನು ಮಾಡುತ್ತೀರಿ ಅಂತ ಮಾತ್ರ ಕೇಳಬೇಡಿ. ಸಂಜೆ ಹೊತ್ತು ಸುಮ್ನೆ ಹೋಗಿ ನೋಡಿ.